ಮಡಚುವ ಸೈಕಲ್

ಮಡಚುವ ಸೈಕಲ್ ಎಂದರೆ ಚೌಕಟ್ಟಿನ ನಡುವೆ ಇರುವ ಕೀಲನ್ನು ಸಡಿಲಿಸಿ, ಚಿಕ್ಕ ಗಂಟಿನ ಗಾತ್ರಕ್ಕೆ ಮಡಚಿ ಕೈಯಲ್ಲಿ ಒಯ್ಯಬಹುದಾದ ಬೈಸಿಕಲ್. ಮನೆಯಿಂದ ನಿಲ್ದಾಣಕ್ಕೂ ನಿಲ್ದಾಣದಿಂದ ಕಚೇರಿ ಅಥವಾ ಕಾಲೇಜಿಗೂ ಇರುವ ಕಿರುದಾರಿಯನ್ನು ಕ್ರಮಿಸಲು ಇದು ಹೆಚ್ಚಾಗಿ ಬಳಕೆಯಲ್ಲಿದೆ.

ಇತಿಹಾಸ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಸೈನ್ಯವು ಇಂತಹ ಸೈಕಲ್ಲುಗಳನ್ನು ಬಳಸಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ಯಾರಾಚೂಟ್ ಪಡೆಗಳಿಗೆ ಬಿ.ಎಸ್.ಎ. ಕಂಪನಿ ಮಡಚುವ ಸೈಕಲ್ಲುಗಳನ್ನು ತಯಾರಿಸಿಕೊಟ್ಟಿತು. 1962ರಲ್ಲಿ ಅಲೆಕ್ಸ್ ಮೌಲ್ಟನ್ ಹೊರತಂದ ಸೈಕಲ್, ಚಿಕ್ಕ ಗಾಲಿಯಿಂದಲೂ ಸುಗಮ ಸವಾರಿ ಸಾಧ್ಯವೆಂದು ತೋರಿಸಿತು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರ್ಯೂ ರಿಚಿ ಬ್ರಾಂಪ್ಟನ್ ಸೈಕಲ್ಲನ್ನು ರೂಪಿಸಿದರು. 1982ರಲ್ಲಿ ಡೇವಿಡ್ ಹಾನ್ ಅಮೆರಿಕದಲ್ಲಿ ಡಾಹಾನ್ ಕಂಪನಿಯನ್ನು ಸ್ಥಾಪಿಸಿದರು.

ರಚನೆ

ಚೌಕಟ್ಟು, ಹ್ಯಾಂಡಲ್ ಕಂಬ ಮತ್ತು ಹಲವು ಮಾದರಿಗಳಲ್ಲಿ ಪೆಡಲ್ ಕೂಡ ಮಡಚಿಕೊಳ್ಳುತ್ತವೆ. ಸೀಟಿನ ಕಂಬ ಕೆಳಗಿಳಿಯುತ್ತದೆ. ಗಾಲಿಗಳು ಸಾಮಾನ್ಯವಾಗಿ 16 ಅಥವಾ 20 ಇಂಚಿನವು. 20 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 1.5 ಮೀಟರ್ ಸಾಗಿದರೆ, ಊರಿನ ದೊಡ್ಡ ಗಾಲಿಯ ಸೈಕಲ್ ಸುಮಾರು 2.2 ಮೀಟರ್ ಸಾಗುತ್ತದೆ. ಈ ಕೊರತೆಯನ್ನು ತುಂಬಲು ಪೆಡಲಿನ ಬಳಿ ದೊಡ್ಡ ಹಲ್ಲುಚಕ್ರವನ್ನು ಜೋಡಿಸುತ್ತಾರೆ. ಆದ್ದರಿಂದ ಗಾಲಿ ಚಿಕ್ಕದಾದರೂ ತುಳಿತ ವ್ಯರ್ಥವಾಗುವುದಿಲ್ಲ. ಆದರೆ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ ಟೈರು ಬೇಗ ಸವೆಯುತ್ತದೆ. ಗುಂಡಿಗಳ ಪೆಟ್ಟೂ ಹೆಚ್ಚು ತಾಗುತ್ತದೆ.

ರೈಲು ಮತ್ತು ಮೆಟ್ರೋದಲ್ಲಿ

ಸಾಮಾನ್ಯ ಸೈಕಲ್ಲನ್ನು ರೈಲಿನಲ್ಲಿ ಸಾಗಿಸಲು ಲಗೇಜಿನ ಬೋಗಿಗೆ ಪ್ರತ್ಯೇಕವಾಗಿ ಬುಕ್ ಮಾಡಬೇಕು. ಪ್ರಯಾಣಿಕರ ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗಳಿಗೆ ಭಾರತೀಯ ರೈಲ್ವೆ ನಿಗದಿಪಡಿಸಿರುವ ಅಳತೆ 100×60×25 ಸೆಂ.ಮೀ. ಮಡಚಿದ ಸೈಕಲ್ಲುಗಳು ಉದ್ದದಲ್ಲಿ ಈ ಮಿತಿಯೊಳಗಿದ್ದರೂ ದಪ್ಪದಲ್ಲಿ ಹಲವು ಮೀರುತ್ತವೆ. ಆದ್ದರಿಂದ ಕೊಳ್ಳುವ ಮೊದಲು ಮಡಚಿದ ದಪ್ಪವನ್ನು ಅಳೆದು ನೋಡುವುದು ಒಳಿತು. ಬೆಂಗಳೂರಿನ ನಮ್ಮ ಮೆಟ್ರೋ 2020ರಲ್ಲಿ ಮಡಚುವ ಸೈಕಲ್ಲುಗಳಿಗೆ ಅವಕಾಶ ನೀಡಿತು.

ಹಾಸನ ಜಿಲ್ಲೆಯಲ್ಲಿ

ಹೊಳೆನರಸೀಪುರವು ಮೈಸೂರು–ಹಾಸನ ರೈಲುಮಾರ್ಗದಲ್ಲಿದೆ. ಚನ್ನರಾಯಪಟ್ಟಣವು ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಸಾಗುವ ಬೆಂಗಳೂರು–ಹಾಸನ ಮಾರ್ಗದಲ್ಲಿದ್ದು, ಈ ಮಾರ್ಗ 2017ರಲ್ಲಿ ಪೂರ್ಣಗೊಂಡಿತು. ಈ ಎರಡು ಊರುಗಳಿಂದ ರೈಲಿನಲ್ಲಿ ಓಡಾಡುವವರಿಗೆ ಮಡಚುವ ಸೈಕಲ್ ನಿಲ್ದಾಣದ ಆಟೋ ಖರ್ಚನ್ನು ಉಳಿಸಬಲ್ಲದು. ಇಡೀ ದಿನ ಸೈಕಲ್ಲನ್ನು ನಿಲ್ದಾಣದ ಹೊರಗೆ ಬಿಟ್ಟುಹೋಗುವ ಚಿಂತೆಯೂ ಇಲ್ಲ. ಅರಕಲಗೂಡಿಗೆ ರೈಲು ಸಂಪರ್ಕವಿಲ್ಲ. ಅಲ್ಲಿಯವರಿಗೆ ಬಸ್ಸೇ ಆಧಾರ. ವಿದ್ಯಾರ್ಥಿಗಳಿಂದ ತುಂಬಿದ ಬೆಳಗಿನ ಬಸ್ಸಿನಲ್ಲಿ ಹತ್ತು ಹನ್ನೆರಡು ಕಿಲೋ ತೂಕದ ಗಂಟಿಗೆ ಜಾಗ ಸಿಗುವುದು ಕಷ್ಟ.

ಹಾಸನದಿಂದ ಈ ಮೂರೂ ಪಟ್ಟಣಗಳು 30ರಿಂದ 40 ಕಿ.ಮೀ. ದೂರದಲ್ಲಿವೆ. ಅಷ್ಟು ದೂರವನ್ನು ಪ್ರತಿನಿತ್ಯ ತುಳಿದೇ ಕ್ರಮಿಸುವುದು ಈ ಸೈಕಲ್ಲಿನ ಉದ್ದೇಶವಲ್ಲ. ತುದಿಗಳ ಎರಡು ಮೂರು ಕಿಲೋಮೀಟರುಗಳೇ ಅದರ ಕ್ಷೇತ್ರ.

ನಿರ್ವಹಣೆ ಮತ್ತು ಮಿತಿಗಳು

ಪ್ರತಿ ಸವಾರಿಗೆ ಮುನ್ನ ಕೀಲಿನ ಬೀಗ ಬಿಗಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಸಡಿಲ ಕೀಲು ಸವಾರನನ್ನು ಬೀಳಿಸಬಹುದು. ಮಳೆಗಾಲದಲ್ಲಿ ಕೆಸರನ್ನು ಒರೆಸಿ ಕೀಲು ಮತ್ತು ಚೈನಿಗೆ ಎಣ್ಣೆ ಹಾಕಬೇಕು. ಚಿಕ್ಕ ಗಾಲಿಯ ಟ್ಯೂಬು, ಟೈರುಗಳು ಎಲ್ಲ ಅಂಗಡಿಗಳಲ್ಲಿ ಸಿಗದ ಕಾರಣ ಒಂದು ಟ್ಯೂಬನ್ನು ಜೊತೆಗಿಟ್ಟುಕೊಳ್ಳುವುದು ರೂಢಿ. ಬ್ರಾಂಪ್ಟನ್‌ನಂತಹ ಆಮದು ಮಾದರಿಗಳ ಬೆಲೆ ಲಕ್ಷ ರೂಪಾಯಿಯನ್ನು ಮೀರುತ್ತದೆ. ಕಡಿಮೆ ಬೆಲೆಯ ಮಾದರಿಗಳು ದೊರೆಯುತ್ತವೆಯಾದರೂ ಅವು ಸಾಮಾನ್ಯವಾಗಿ ಹೆಚ್ಚು ಭಾರವಾಗಿದ್ದು, ನಿಲ್ದಾಣದ ಮೆಟ್ಟಿಲುಗಳನ್ನು ಹತ್ತುವಾಗ ಆ ವ್ಯತ್ಯಾಸ ತಿಳಿಯುತ್ತದೆ.

ಇವನ್ನೂ ನೋಡಿ

ಬೈಸಿಕಲ್ · ನಮ್ಮ ಮೆಟ್ರೋ · ಹಾಸನ ಜಿಲ್ಲೆ