ಲೋಳೆಮೀನಿನ ಹಸುರು ಬೆಳಕು

“ಈ ಸಂಶೋಧನೆಯಿಂದ ಪ್ರಜೆಗಳಿಗೇನು ಪ್ರಯೋಜನ?” ಎಂದು ಬೊಕ್ಕಸದ ಬೀಗದ ಕೈ ಹಿಡಿದವರು ವಿಜ್ಞಾನಿಗಳನ್ನು ಕೇಳುವುದು ಎಲ್ಲ ದೇಶಗಳಲ್ಲಿಯೂ ಉಂಟು. ಆ ಪ್ರಶ್ನೆಗೆ ಉತ್ತರವು ಎಷ್ಟು ತಡವಾಗಿ, ಆದರೆ ಎಷ್ಟು ದೊಡ್ಡದಾಗಿ ಬರಬಹುದೆಂಬುದಕ್ಕೆ ನಿದರ್ಶನವೊಂದನ್ನು ವಾಚಕ ಮಹಾಶಯರ ಮುಂದಿಡುತ್ತೇವೆ.

1961ನೆಯ ಇಸವಿಯ ಬೇಸಗೆಯಲ್ಲಿ ಜಪಾನಿನ ರಸಾಯನಜ್ಞರಾದ ಒಸಾಮು ಶಿಮೊಮುರರವರು ಅಮೆರಿಕೆಯ ಪಶ್ಚಿಮ ಕರಾವಳಿಯಲ್ಲಿ ಸುಮಾರು 10,000 ಲೋಳೆಮೀನುಗಳನ್ನು ಹಿಡಿದು, ಅವು ಮಿನುಗುವುದೇಕೆಂದು ಶೋಧಿಸಿದರು. ನೀಲಿ ಬೆಳಕನ್ನು ಹೀರಿ ಹಸುರು ಬೆಳಕನ್ನು ಹೊರಸೂಸುವ ಪ್ರೋಟೀನೊಂದು ಅವರಿಗೆ ದೊರೆಯಿತು. 1962ರಲ್ಲಿ ಅದನ್ನು ಪ್ರಕಟಪಡಿಸಿದರು. ಮುಂದೆ ಮೂವತ್ತು ವರ್ಷ ಅದರಿಂದ ಲೋಕಕ್ಕೆ ಹೇಳಿಕೊಳ್ಳುವಂಥ ಉಪಯೋಗವೇನೂ ಕಾಣಲಿಲ್ಲ.

1992ರಲ್ಲಿ ಡಗ್ಲಸ್ ಪ್ರಾಶರ್ ಎಂಬವರು ಆ ಪ್ರೋಟೀನಿನ ಜೀನನ್ನು ಬೇರ್ಪಡಿಸಿದರು. ಅಷ್ಟರಲ್ಲಿ ಅವರ ಧನಸಹಾಯವು ಮುಗಿದಿತ್ತು. ಆ ಮಹನೀಯರು ತಮ್ಮ ಶ್ರಮದ ಫಲವನ್ನು ಬಚ್ಚಿಡದೆ, ಕೇಳಿದ ಇಬ್ಬರು ವಿಜ್ಞಾನಿಗಳಿಗೆ ಕೊಟ್ಟುಬಿಟ್ಟರು. ಅವರಲ್ಲೊಬ್ಬರಾದ ಮಾರ್ಟಿನ್ ಚಾಲ್ಫಿಯವರು 1994ರಲ್ಲಿ ಸಣ್ಣ ಹುಳುವೊಂದರ ನರಕೋಶಗಳಲ್ಲಿ ಆ ಜೀನನ್ನಿಟ್ಟು, ಬದುಕಿರುವ ಕೋಶವೇ ಹಸುರಾಗಿ ಬೆಳಗುವುದನ್ನು ತೋರಿಸಿದರು. ಕೋಶವನ್ನು ಕೊಂದು ಬಣ್ಣ ಹಚ್ಚಿ ನೋಡುವ ಹಳೆಯ ಕ್ರಮಕ್ಕೆ ಇದು ಎಂಥ ಬದಲಾವಣೆಯೆಂಬುದನ್ನು ಊಹಿಸಬಹುದು.

ಇನ್ನೊಬ್ಬರಾದ ರೋಜರ್ ಚೆನ್‌ರವರು ಪ್ರಕೃತಿಯು ಕೊಟ್ಟುದನ್ನು ತಿದ್ದಲು ತೊಡಗಿದರು. ಈ ಪ್ರೋಟೀನು 238 ಅಮೈನೋ ಆಮ್ಲಗಳ ಸರಪಣಿ. ಅದರ 65ನೆಯ ಕೊಂಡಿಯೊಂದನ್ನು ಬದಲಿಸಲು ಬೆಳಕು ಪ್ರಖರವಾಯಿತು. 66ನೆಯದನ್ನು ಬದಲಿಸಲು ನೀಲಿಯಾಯಿತು. ಆದರೆ ನೀಲಿ ಹಸುರು ಕಿರಣಗಳನ್ನು ರಕ್ತವು ಹೀರುವುದರಿಂದ, ಪ್ರಾಣಿದೇಹದ ಆಳವನ್ನು ಕಾಣಲು ಕೆಂಪು ಬೆಳಕೇ ಬೇಕು. ಹವಳದ ಜಾತಿಯ ಜೀವಿಯಿಂದ ದೊರೆತ ಕೆಂಪು ಪ್ರೋಟೀನನ್ನು ಅವರ ಪ್ರಯೋಗಾಲಯದಲ್ಲಿ ಸಂಸ್ಕರಿಸಿದರು. 2009ರಲ್ಲಿ ಬ್ಯಾಕ್ಟೀರಿಯದ ಪ್ರೋಟೀನೊಂದನ್ನು ತಿದ್ದಿ, ಕೆಂಪಿಗೂ ಆಚೆಯ ಕಿರಣಗಳಿಂದ ಬದುಕಿರುವ ಇಲಿಯ ಪಿತ್ತಜನಕಾಂಗವನ್ನೇ ಹೊರಗಿನಿಂದ ಕಂಡರು. ಅರ್ಬುದವು ಹಬ್ಬುವ ಬಗೆಯನ್ನೂ ಮಿದುಳಿನ ಕೋಶಗಳ ವ್ಯಾಪಾರವನ್ನೂ ಇಂದು ಪ್ರಯೋಗಾಲಯಗಳಲ್ಲಿ ಇಂಥ ದೀಪಗಳಿಂದಲೇ ನೋಡುತ್ತಾರೆ.

2008ರಲ್ಲಿ ಶಿಮೊಮುರ, ಚಾಲ್ಫಿ, ಚೆನ್ ಈ ಮೂವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಪ್ರಾಶರರು ಆಗ ಅಲಬಾಮ ಸಂಸ್ಥಾನದಲ್ಲಿ ಮೋಟಾರು ಮಾರುವ ಅಂಗಡಿಯೊಂದರ ಗಿರಾಕಿಗಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಚಾಲಕರಾಗಿದ್ದರು! ಅವರ ಉಪಕಾರವನ್ನು ಪಾರಿತೋಷಕ ಪಡೆದವರು ಮರೆಯಲಿಲ್ಲ. 2012ರಲ್ಲಿ ಚೆನ್‌ರವರು ತಮ್ಮ ಪ್ರಯೋಗಾಲಯದಲ್ಲಿಯೇ ಅವರಿಗೆ ಕೆಲಸ ಕೊಟ್ಟರು. ಆದರೆ ನಡುವೆ ಕಳೆದುಹೋದ ವರ್ಷಗಳನ್ನು ಯಾವ ಸರಕಾರವು ಹಿಂದಕ್ಕೆ ಕೊಟ್ಟೀತು?

ಐಶ್ವರ್ಯವಂತ ರಾಷ್ಟ್ರದಲ್ಲಿಯೇ ಹೀಗಾದರೆ, ಮಿತವಾದ ಹಣದಲ್ಲಿ ವಿಜ್ಞಾನವನ್ನು ಬೆಳೆಸಬೇಕಾದ ನಮ್ಮ ದೇಶವು ಇನ್ನೆಷ್ಟು ಎಚ್ಚರದಿಂದಿರಬೇಕು! ಧನಸಹಾಯದ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿಗಳು ಈ ಪತ್ರಿಕೆಯ ವಾಚಕರಲ್ಲಿಯೂ ಇದ್ದಾರೆ. ಲೆಕ್ಕ ಕೇಳುವುದು ಅವರ ಧರ್ಮ; ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಬಿತ್ತಿದ ಮರುದಿನವೇ ಫಸಲು ಕೇಳುವುದು ಲೆಕ್ಕವಲ್ಲ, ಅವಿವೇಕ. ಅರ್ಜಿಯ ಮೇಲೆ “ನಿಷ್ಪ್ರಯೋಜಕ” ಎಂದು ಬರೆಯುವ ಮುನ್ನ ಅವರು ಆ ಲೋಳೆಮೀನನ್ನು ಒಮ್ಮೆ ನೆನೆಯಲಿ.