ಸೋಲಿನ ಸರಪಳಿ ಕಡಿದ ಟೊಪ್ಪಿಗೆಯ ಮೇಷ್ಟ್ರು

ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಮೆಕ್ಸಿಕೊ ದೇಶದ ಮೊದಲ ಮೂರು ದಶಕಗಳ ಚರಿತ್ರೆಯನ್ನು ಒಂದೇ ಪದದಲ್ಲಿ ಹೇಳಿ ಮುಗಿಸಬಹುದು: ಸೋಲು. 1930ರ ಮೊಟ್ಟಮೊದಲ ವಿಶ್ವಕಪ್‌ನಲ್ಲಿ ಆಡಿದ ಮೂರು ಪಂದ್ಯಗಳಲ್ಲೂ ಸೋಲು. 1950ರಲ್ಲಿ ಮತ್ತೆ ಮೂರು. 1954ರಲ್ಲಿ ಎರಡು. 1958ರಲ್ಲಿ ಸ್ವೀಡನ್ನಿನಲ್ಲಿ ವೇಲ್ಸ್ ವಿರುದ್ಧ 1-1ರ ಡ್ರಾ ಸಿಕ್ಕಿದ್ದೇ ದೊಡ್ಡ ಸಾಧನೆಯಾಯಿತು. 1962ರಲ್ಲಿ ಚಿಲಿಗೆ ಹೋದಾಗ ಮೊದಲ ಎರಡು ಪಂದ್ಯಗಳೂ ಕೈತಪ್ಪಿದವು. ಒಟ್ಟು ಆಡಿದ್ದು 13 ಪಂದ್ಯ. ಗೆಲುವು ಒಂದೂ ಇಲ್ಲ.

ಹದಿನಾಲ್ಕನೆಯ ಪಂದ್ಯ ನಡೆದದ್ದು 1962ರ ಜೂನ್ 7ರಂದು, ಚಿಲಿಯ ಕಡಲತೀರದ ಊರು ವಿನಾ ಡೆಲ್ ಮಾರ್‌ನಲ್ಲಿ. ಎದುರಾಳಿ ಚೆಕೊಸ್ಲೊವಾಕಿಯ. ಆಟ ಶುರುವಾಗಿ ಕಾಲು ನಿಮಿಷ ಕಳೆದಿತ್ತಷ್ಟೆ, ಚೆಕ್ ತಂಡದ ಮಾಶೆಕ್ ಗೋಲು ಹೊಡೆದರು. ಹಳೆಯ ಕತೆಯೇ ಮತ್ತೆ ಮರುಕಳಿಸಿತು ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪಿಲ್ಲ. ಆದರೆ ಮೆಕ್ಸಿಕೊ ಆಟಗಾರರು ಎದೆಗುಂದಲಿಲ್ಲ. ಡಯಾಸ್ ಸಮಗೊಳಿಸಿದರು. ಡೆಲ್ ಆಗಿಲಾ ಮುನ್ನಡೆ ತಂದರು. ಕೊನೆಯ ಗಳಿಗೆಯಲ್ಲಿ ಹೆಕ್ಟರ್ ಹೆರ್ನಾಂಡೆಸ್ ಪೆನಾಲ್ಟಿಯಲ್ಲಿ ಮೂರನೆಯ ಗೋಲು ಸೇರಿಸಿದರು. ಗೆಲುವು 3-1. ಗೋಲ್‌ಕೀಪರ್ ಆಂಟೊನಿಯೊ ಕಾರ್ಬಹಾಲ್ ಅವರಿಗೆ ಅಂದು 33 ವರ್ಷ ತುಂಬಿತ್ತು. ಅಂದು ಸೋತ ಚೆಕ್ ತಂಡವೇ ಆ ವಿಶ್ವಕಪ್‌ನ ಫೈನಲ್ ತಲುಪಿತು ಎಂಬುದನ್ನು ನೆನೆದರೆ ಆ ಗೆಲುವಿನ ತೂಕ ತಿಳಿಯುತ್ತದೆ.

ಆ ತಂಡವನ್ನು ಅಣಿಗೊಳಿಸಿದವರು ಇಗ್ನಾಸಿಯೊ ಟ್ರೆಯೆಸ್. ಮೆಕ್ಸಿಕೊದ ಜನ ಅವರನ್ನು ಕರೆಯುತ್ತಿದ್ದುದು ‘ಡಾನ್ ನಾಚೊ’ ಎಂದು. ನಾಚೊ ಎಂಬುದು ಇಗ್ನಾಸಿಯೊ ಹೆಸರಿನ ಮುದ್ದು ರೂಪ; ಡಾನ್ ಎಂಬುದು ಹಿರಿಯರಿಗೆ ಸಲ್ಲುವ ಗೌರವ. ಸಲಿಗೆ ಮತ್ತು ಗೌರವ ಎರಡೂ ಬೆರೆತ ಈ ಹೆಸರು, ತಲೆಯ ಮೇಲೆ ಸದಾ ಇರುತ್ತಿದ್ದ ಟೊಪ್ಪಿಗೆ, ಇವೆರಡೂ ಅವರ ಗುರುತಾಗಿ ನಿಂತವು.

ಪುಟ್ಟ ಊರುಗಳ ದೊಡ್ಡ ತಂಡ

ಟ್ರೆಯೆಸ್ ಹುಟ್ಟಿದ್ದು 1916ರ ಜುಲೈ 31ರಂದು, ಗ್ವಾಡಲಹಾರ ನಗರದಲ್ಲಿ. ನೆಕಾಕ್ಸಾ, ಅಮೆರಿಕ, ಅಟ್ಲಾಂಟೆ ಮೊದಲಾದ ಕ್ಲಬ್‌ಗಳಿಗೆ ಆಡಿದರು. ಆಟಗಾರರಾಗಿ ಅವರ ಹೆಸರು ಇತಿಹಾಸದಲ್ಲಿ ಬಹಳ ದೊಡ್ಡದಾಗಿ ಉಳಿಯುತ್ತಿರಲಿಲ್ಲ. ಅವರ ನಿಜವಾದ ಬದುಕು ಶುರುವಾದದ್ದು ಬೂಟು ಕಳಚಿದ ಮೇಲೆ.

ಫುಟ್‌ಬಾಲ್ ತಂಡದ ತರಬೇತುದಾರನನ್ನು ಮೆಕ್ಸಿಕೊದಲ್ಲಿ ‘ತಾಂತ್ರಿಕ ನಿರ್ದೇಶಕ’ ಎನ್ನುತ್ತಾರೆ. ಯಾರು ಆಡಬೇಕು, ಯಾರು ಕೂರಬೇಕು, ಯಾವ ಎದುರಾಳಿಗೆ ಯಾವ ವ್ಯೂಹ ಎಂಬುದೆಲ್ಲ ಅವನ ತೀರ್ಮಾನ. ತಂಡ ಗೆದ್ದರೆ ಹಾರ ಆಟಗಾರನ ಕೊರಳಿಗೆ. ಸೋತರೆ ಮೊದಲು ಕಳೆದುಕೊಳ್ಳುವುದು ಇವನ ಕೆಲಸ. ಆ ಕಾಲದಲ್ಲಿ ಈ ಹುದ್ದೆಗೆ ಅರ್ಜೆಂಟೀನ, ಸ್ಪೇನ್, ಹಂಗೇರಿಗಳಿಂದ ಬಂದವರಿಗೆ ಮೆಕ್ಸಿಕೊದಲ್ಲಿ ಬಹಳ ಮನ್ನಣೆ ಇತ್ತು. 1930ರಲ್ಲಿ ರಾಷ್ಟ್ರೀಯ ತಂಡವನ್ನು ವಿಶ್ವಕಪ್‌ಗೆ ಕರೆದೊಯ್ದವರೂ, 1954 ಮತ್ತು 1958ರಲ್ಲಿ ಕರೆದೊಯ್ದವರೂ ಸ್ಪೇನಿನವರು. ಇಂಥ ಹೊತ್ತಿನಲ್ಲಿ ಊರಿನ ಮನುಷ್ಯನೊಬ್ಬ ಈ ಕುರ್ಚಿಯಲ್ಲಿ ಕುಳಿತು ತಾನೂ ಕಡಿಮೆಯಲ್ಲ ಎಂದು ತೋರಿಸಬೇಕಿತ್ತು.

ಟ್ರೆಯೆಸ್ ಅವರ ಮೊದಲ ಲೀಗ್ ಪ್ರಶಸ್ತಿ 1953-54ರಲ್ಲಿ, ಮಾರ್ತೆ ಎಂಬ ಕ್ಲಬ್‌ನೊಂದಿಗೆ. ಸೇನೆಯವರ ತಂಡವಾಗಿ ಹುಟ್ಟಿದ ಕ್ಲಬ್ ಅದು. ಮಾರ್ತೆ ಎಂದರೆ ಯುದ್ಧದೇವತೆಯ ಹೆಸರು. ಮರು ವರ್ಷವೇ ಇನ್ನೊಂದು ತಂಡ, ಇನ್ನೊಂದು ಪ್ರಶಸ್ತಿ. ಆ ತಂಡದ ಹೆಸರು ಸಕಾತೆಪೆಕ್.

ಸಕಾತೆಪೆಕ್ ನಗರವೇ ಅಲ್ಲ, ಮೊರೆಲೋಸ್ ರಾಜ್ಯದ ಕಬ್ಬಿನ ಗದ್ದೆಗಳ ನಡುವಿನ ಊರು. ಅದೇ ರಾಜ್ಯದಲ್ಲಿ ಹುಟ್ಟಿದ ರೈತನಾಯಕ ಎಮಿಲಿಯಾನೊ ಸಪಾಟ ಅವರ ಹೆಸರಿನಲ್ಲಿ ಅಲ್ಲಿ 1938ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಅಧ್ಯಕ್ಷ ಲಾಸಾರೊ ಕಾರ್ದೆನಾಸ್ ಅದನ್ನು ರೈತರ ಮತ್ತು ಕಾರ್ಮಿಕರ ಸಹಕಾರ ಸಂಘವಾಗಿ ಕಟ್ಟಿಸಿದ್ದರು. ಊರಿನ ಫುಟ್‌ಬಾಲ್ ತಂಡಕ್ಕೆ ‘ಕಬ್ಬಿನವರು’ ಎಂದೇ ಅಡ್ಡಹೆಸರು. 1951ರಲ್ಲಷ್ಟೆ ಮೊದಲ ದರ್ಜೆಯ ಲೀಗ್‌ಗೆ ಬಂದ ಈ ತಂಡ ಟ್ರೆಯೆಸ್ ಕೈಯಲ್ಲಿ 1954-55ರಲ್ಲಿ ದೇಶಕ್ಕೇ ಮೊದಲನೆಯದಾಯಿತು. ಎತ್ತರದ, ತಂಪಾದ ರಾಜಧಾನಿಯಿಂದ ಬರುವ ತಂಡಗಳು ಇಲ್ಲಿನ ಸುಡುಬಿಸಿಲಿಗೆ ಬೆದರುತ್ತಿದ್ದುದುಂಟು.

ಸಕಾತೆಪೆಕ್ 1957-58ರಲ್ಲಿ ಮತ್ತೊಮ್ಮೆ ಗೆದ್ದಿತು. ಇದು ಇನ್ನೂ ಹೆಚ್ಚಿನ ಸಂಗತಿ. 1957ರಿಂದ 1965ರವರೆಗಿನ ಒಂಬತ್ತು ಋತುಗಳಲ್ಲಿ ಏಳು ಪ್ರಶಸ್ತಿಗಳನ್ನು ಗ್ವಾಡಲಹಾರ ಕ್ಲಬ್ ಒಂದೇ ಬಾಚಿಕೊಂಡಿತು. ಆ ಸರಣಿಯ ನಡುವೆ ಕೈಹಾಕಿ ಒಂದನ್ನು ಕಿತ್ತುಕೊಂಡದ್ದು ಸಕ್ಕರೆ ಊರಿನ ತಂಡ. ಆ ಬಳಿಕ ಇಂದಿನವರೆಗೆ ಸಕಾತೆಪೆಕ್ ಮೊದಲ ದರ್ಜೆಯಲ್ಲಿ ಪ್ರಶಸ್ತಿ ಗೆದ್ದಿಲ್ಲ.

ಏಳರ ದಾಖಲೆ

ಮುಂದೆ ತೊಲುಕಾ ಕ್ಲಬ್‌ಗೆ 1966-67 ಮತ್ತು 1967-68ರಲ್ಲಿ ಸತತ ಎರಡು ಪ್ರಶಸ್ತಿ ತಂದುಕೊಟ್ಟರು. ಆ ಕ್ಲಬ್‌ನ ಮೊದಲ ಲೀಗ್ ಪ್ರಶಸ್ತಿಗಳು ಅವು. ಕೊನೆಯ ಎರಡು ಬಂದದ್ದು ಕ್ರೂಸ್ ಅಸುಲ್ ತಂಡದಿಂದ, 1978-79 ಮತ್ತು 1979-80ರಲ್ಲಿ. ಕ್ರೂಸ್ ಅಸುಲ್ ಕೂಡ ಒಂದು ಕಾರ್ಖಾನೆಯ ತಂಡವೇ. ಸಿಮೆಂಟ್ ತಯಾರಿಸುವ ಕಾರ್ಮಿಕರ ಸಹಕಾರ ಸಂಘ ಅದನ್ನು ಸಾಕಿ ಬೆಳೆಸಿತು. ಸೇನೆ, ಸಕ್ಕರೆ, ಸಿಮೆಂಟ್: ಡಾನ್ ನಾಚೊ ಅವರ ಪ್ರಶಸ್ತಿಗಳ ಬೇರುಗಳು ಇಂಥ ಕಡೆ ಇವೆ.

ಒಟ್ಟು ಏಳು ಲೀಗ್ ಪ್ರಶಸ್ತಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 26 ವರ್ಷ. ಮೆಕ್ಸಿಕೊದಲ್ಲಿ ಈ ದಾಖಲೆಯನ್ನು ಸರಿಗಟ್ಟಿರುವವರು ಬ್ರೆಜಿಲ್‌ನಲ್ಲಿ ಹುಟ್ಟಿದ ರಿಕಾರ್ಡೊ ಫೆರೆಟ್ಟಿ ಒಬ್ಬರೇ; ಅವರ ಏಳನೆಯ ಪ್ರಶಸ್ತಿ 2019ರಲ್ಲಿ ಬಂತು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. 1996ರಿಂದ ಮೆಕ್ಸಿಕೊ ಲೀಗ್ ವರ್ಷಕ್ಕೆ ಎರಡು ಚಿಕ್ಕ ಋತುಗಳಾಗಿ, ಎರಡು ಪ್ರಶಸ್ತಿಗಳಾಗಿ ಒಡೆದಿದೆ. ಟ್ರೆಯೆಸ್ ಕಾಲದಲ್ಲಿ ಇಡೀ ವರ್ಷ ದುಡಿದರೆ ಸಿಗುತ್ತಿದ್ದುದು ಒಂದೇ ಪ್ರಶಸ್ತಿ. ಮೊದಲ ದರ್ಜೆಯ ಲೀಗ್‌ನಲ್ಲಿ ಅವರು ಸಾವಿರಕ್ಕೂ ಹೆಚ್ಚು ಪಂದ್ಯಗಳಿಗೆ ತಂಡ ನಡೆಸಿದರು.

‘ಹಸಿರು ಇಲಿಗಳು’

ಆದರೆ ರಾಷ್ಟ್ರೀಯ ತಂಡದ ಕತೆ ಇಷ್ಟು ಸುಗಮವಲ್ಲ. 1961ರ ಮೇ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಎದುರು ಮೆಕ್ಸಿಕೊ 0-8ರಿಂದ ಸೋತಿತು. ಹಸಿರು ಅಂಗಿಯ ಈ ತಂಡವನ್ನು ತಾಯ್ನಾಡಿನ ಪತ್ರಿಕೆಯಲ್ಲೇ ‘ಹಸಿರು ಇಲಿಗಳು’ ಎಂದು ಹಂಗಿಸಿದ ಕಾಲ ಅದು. ಆ ಅಡ್ಡಹೆಸರು ಬಹಳ ವರ್ಷ ಬಿಡಲಿಲ್ಲ.

ಟ್ರೆಯೆಸ್ ಕಂಡುಕೊಂಡ ಉಪಾಯ ಸರಳ: ಮೊದಲು ಮನೆಯ ಬಾಗಿಲು ಭದ್ರಪಡಿಸು, ಆಮೇಲೆ ಹೊರಗೆ ಹೊರಡು. ಬಲಾಢ್ಯರ ಎದುರು ರಕ್ಷಣೆಗೆ ಹೆಚ್ಚು ಜನ, ಅವಕಾಶ ಸಿಕ್ಕಾಗ ಚುರುಕು ದಾಳಿ. ಇದು ಅಂಜುಬುರುಕರ ಆಟ ಎಂದು ಟೀಕಿಸಿದವರುಂಟು. ಫಲ ಏನಾಯಿತು? 1962ರಲ್ಲಿ ಬ್ರೆಜಿಲ್ ಎದುರು 0-2. ಸ್ಪೇನ್ ಎದುರು ಕೊನೆಯ ನಿಮಿಷದವರೆಗೂ 0-0. ಆಗ ಪೆಯ್ರೊ ಹೊಡೆದ ಗೋಲು ಎಲ್ಲವನ್ನೂ ಕೆಡಿಸಿತು. ಆ ಒಂದು ಗೋಲು ಬೀಳದೆ, ಮಿಕ್ಕ ಫಲಿತಾಂಶಗಳು ಹಾಗೆಯೇ ಇದ್ದಿದ್ದರೆ, ಮೆಕ್ಸಿಕೊ ಮತ್ತು ಚೆಕ್ ತಂಡಗಳ ಅಂಕ ಸಮವಾಗಿ, ಗೋಲು ಸರಾಸರಿಯ ಮೇಲೆ ಮೆಕ್ಸಿಕೊ ಕ್ವಾರ್ಟರ್ ಫೈನಲ್‌ಗೆ ಹೋಗುತ್ತಿತ್ತು. ಬದಲಿಗೆ, ಚೆಕ್ ವಿರುದ್ಧ ಚಾರಿತ್ರಿಕ ಗೆಲುವು ಸಾಧಿಸುವ ಹೊತ್ತಿಗೆ ತಂಡ ಆಗಲೇ ಹೊರಬಿದ್ದಿತ್ತು.

1966ರಲ್ಲಿ ಅವರೇ ಮತ್ತೆ ತಂಡ ಕರೆದೊಯ್ದರು. ಫ್ರಾನ್ಸ್ ಜೊತೆ 1-1. ಐದು ವರ್ಷದ ಹಿಂದೆ ಎಂಟು ಗೋಲು ತಿಂದ ಅದೇ ವೆಂಬ್ಲಿಯಲ್ಲಿ, ಆ ಬಾರಿಯ ಚಾಂಪಿಯನ್ ಇಂಗ್ಲೆಂಡ್ ಎದುರು 0-2. ಕೊನೆಗೆ ಉರುಗ್ವೆ ಜೊತೆ 0-0. ವಿಶ್ವಕಪ್‌ನಲ್ಲಿ ಮೆಕ್ಸಿಕೊ ಒಂದೂ ಗೋಲು ಬಿಟ್ಟುಕೊಡದೆ ಮುಗಿಸಿದ ಮೊದಲ ಪಂದ್ಯ ಅದು. ಅಂದು ಗೋಲಿನಲ್ಲಿ ನಿಂತದ್ದು 37ರ ಕಾರ್ಬಹಾಲ್. 1950ರಿಂದ ಸತತ ಐದು ವಿಶ್ವಕಪ್‌ಗಳನ್ನು ಕಂಡ ಆ ಹಿರಿಯನಿಗೆ ಅದೇ ಬೀಳ್ಕೊಡುಗೆ.

1968ರಲ್ಲಿ ಸ್ವದೇಶದಲ್ಲೇ ನಡೆದ ಒಲಿಂಪಿಕ್ಸ್ ಕಹಿಯಾಯಿತು. ಕಂಚಿನ ಪದಕದ ಪಂದ್ಯದಲ್ಲಿ ಜಪಾನ್ ಎದುರು 0-2ರಿಂದ ಸೋತು ಮೆಕ್ಸಿಕೊ ನಾಲ್ಕನೆಯ ಸ್ಥಾನಕ್ಕೆ ನಿಂತಿತು. 1970ರ ವಿಶ್ವಕಪ್ ಮೆಕ್ಸಿಕೊದಲ್ಲೇ ನಡೆದಾಗ ತಂಡದ ಹೊಣೆ ಟ್ರೆಯೆಸ್ ಅವರ ಕೈಯಲ್ಲಿರಲಿಲ್ಲ. ಅದು ರಾವುಲ್ ಕಾರ್ದೆನಾಸ್ ಅವರ ಪಾಲಿಗೆ ಬಂತು. ಯಾರು ಈ ಕಾರ್ದೆನಾಸ್? ಸಕಾತೆಪೆಕ್‌ನಲ್ಲಿ ಟ್ರೆಯೆಸ್ ಬಳಿ ಪಳಗಿದವರು, ವಿನಾ ಡೆಲ್ ಮಾರ್‌ನ ಗೆಲುವಿನಲ್ಲಿ ಆಡಿದವರು. ಅವರ ತಂಡ ಆ ಸಲ ಕ್ವಾರ್ಟರ್ ಫೈನಲ್ ತಲುಪಿತು. ಇನ್ನೂ ಸ್ವಾರಸ್ಯವೆಂದರೆ, ಇದೇ ಕಾರ್ದೆನಾಸ್ 1972ರಿಂದ 1974ರವರೆಗೆ ಸತತ ಮೂರು ಬಾರಿ ಚಾಂಪಿಯನ್ ಮಾಡಿದ ಕ್ರೂಸ್ ಅಸುಲ್ ಕ್ಲಬ್ಬನ್ನು ಮುಂದೆ ಟ್ರೆಯೆಸ್ ವಹಿಸಿಕೊಂಡರು. ಶಿಷ್ಯ ಬೆಳೆಸಿದ ಮನೆಗೆ ಗುರು ಬಂದಂತಾಯಿತು.

ಡಾನ್ ನಾಚೊ ಸಾಧುಪುರುಷರೇನೂ ಅಲ್ಲ. ಗೆಲ್ಲುತ್ತಿರುವಾಗ ಹೊತ್ತು ಕಳೆಯಲು ಮೈದಾನಕ್ಕೆ ಎರಡನೆಯ ಚೆಂಡು ಬಿಡುತ್ತಿದ್ದರು ಎಂಬಂಥ ಕತೆಗಳು ಅವರ ಬಗ್ಗೆ ಇಂದಿಗೂ ಚಾಲ್ತಿಯಲ್ಲಿವೆ. ಜನ ಅವನ್ನು ನಗುತ್ತಲೇ ಹೇಳಿಕೊಳ್ಳುತ್ತಾರೆ.

2020ರ ಮಾರ್ಚ್ 24ರಂದು, 103ನೆಯ ವಯಸ್ಸಿನಲ್ಲಿ, ಟ್ರೆಯೆಸ್ ತೀರಿಕೊಂಡರು. ಕೊರೊನಾ ಕಾರಣಕ್ಕೆ ಮೆಕ್ಸಿಕೊದ ಲೀಗ್ ಆಗಷ್ಟೆ ನಿಂತುಹೋಗಿತ್ತು. ಎದ್ದು ನಿಂತು ಗೌರವ ಸಲ್ಲಿಸಲು ಕ್ರೀಡಾಂಗಣಗಳಲ್ಲಿ ಜನರೇ ಇರಲಿಲ್ಲ. ಗೆದ್ದ ಪ್ರಶಸ್ತಿಗಳ ಲೆಕ್ಕದಲ್ಲಿ ನಾಳೆ ಇನ್ಯಾರಾದರೂ ಅವರನ್ನು ಮೀರಿಸಬಹುದು. ಆದರೆ ಒಂದು ದೇಶಕ್ಕೆ ವಿಶ್ವಕಪ್‌ನ ಮೊದಲ ಗೆಲುವು ಬರುವುದು ಒಮ್ಮೆ ಮಾತ್ರ. ಅದನ್ನು ತಂದುಕೊಟ್ಟವರು ಟೊಪ್ಪಿಗೆಯ ಈ ಮೇಷ್ಟ್ರು.