ದಿನಚರಿ ಹೇಳಿದ್ದು, ಮಿದುಳು ಹೇಳಿದ್ದು

ಉಪವಿಭಾಗಾಧಿಕಾರಿಯಾಗಿದ್ದಾಗ ವಿಧವೆಯೊಬ್ಬರ ಎರಡು ಎಕರೆ ಜಮೀನಿನ ಖಾತೆ ತಕರಾರು ಮೇಲ್ಮನವಿಯಾಗಿ ನನ್ನ ಮುಂದೆ ಬಂದಿತ್ತು. ಸ್ಥಳಕ್ಕೆ ಹೋಗಿ, ಹುಣಸೆಮರದ ಕೆಳಗೆ ಕುಳಿತು, ಊರವರ ಹೇಳಿಕೆ ಪಡೆದು ಆಕೆಯ ಪರವಾಗಿ ಆದೇಶ ಮಾಡಿದೆನೆಂದು ಎಷ್ಟೋ ಬಾರಿ ಅಭಿಮಾನದಿಂದ ಹೇಳಿಕೊಂಡಿದ್ದೇನೆ. ಈಚೆಗೆ ಹಳೆಯ ಪ್ರವಾಸ ದಿನಚರಿ ಕೈಗೆ ಸಿಕ್ಕಿತು. ನನ್ನದೇ ಅಕ್ಷರದಲ್ಲಿ ಅಲ್ಲಿರುವುದು ಬೇರೆ: ಸ್ಥಳ ಪರಿಶೀಲಿಸಿದೆ, ವಿಚಾರಣೆ ಮುಂದೂಡಿದೆ. ಮೂರು ವಾರಗಳಲ್ಲಿ ನನಗೆ ವರ್ಗಾವಣೆಯಾಗಿತ್ತು. ಆದೇಶ ಮಾಡಿದವನು ನಾನಲ್ಲ.

ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ. ಆದರೆ ಮಿದುಳೂ ಒಂದು ಕಂಪ್ಯೂಟರ್ ಎಂಬ ಜನಪ್ರಿಯ ಮಾತನ್ನು ಅಂದಿನಿಂದ ಸುಲಭವಾಗಿ ಒಪ್ಪಲಾರದವನಾಗಿದ್ದೇನೆ.

ಆ ಮಾತಿನ ಹಿಂದೆ, ಮಾಹಿತಿಯೆಂದರೇನು ಎಂಬ ಪ್ರಶ್ನೆಯಿದೆ. 1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ ಇದಕ್ಕೊಂದು ಅಳತೆ ಕೊಟ್ಟರು. ಒಂದು ಸಂದೇಶ ನಮ್ಮ ಅನಿಶ್ಚಿತತೆಯನ್ನು ಎಷ್ಟು ತಗ್ಗಿಸುತ್ತದೆಯೋ ಅಷ್ಟು ಮಾಹಿತಿ ಅದರಲ್ಲಿದೆ. ಚಿಮ್ಮಿದ ನಾಣ್ಯ ಯಾವ ಮುಖವಾಗಿ ಬಿತ್ತೆಂದು ತಿಳಿದರೆ ಒಂದು ಬಿಟ್. ಸಂದೇಶದ ಅರ್ಥ ತಮ್ಮ ತಾಂತ್ರಿಕ ಸಮಸ್ಯೆಗೆ ಸಂಬಂಧಿಸಿದ್ದಲ್ಲವೆಂದು ಅವರೇ ಸ್ಪಷ್ಟಪಡಿಸಿದ್ದರು. ದೂರವಾಣಿ ತಂತಿಗೆ ಇಷ್ಟು ಸಾಕು, ಪಹಣಿಗೆ ಸಾಲದು. ಅಲ್ಲಿ ವಿಧವೆಯ ಹೆಸರಿರಲಿ, ಮೈದುನನ ಹೆಸರಿರಲಿ, ಬಿಟ್‌ಗಳ ಲೆಕ್ಕದಲ್ಲಿ ಹೆಚ್ಚಿನ ಅಂತರವಿಲ್ಲ. ಬದುಕಿನಲ್ಲಿ ಆ ಅಂತರ ಎರಡು ಎಕರೆ.

ನಾನು ಓದಿದ ಅರ್ಥಶಾಸ್ತ್ರ ಮಾಹಿತಿಯನ್ನು ಇನ್ನೊಂದು ಬದಿಯಿಂದ ನೋಡುತ್ತದೆ. ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಂತರವೇ ಮಾರುಕಟ್ಟೆಯನ್ನು ಕೆಡಿಸಬಲ್ಲದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿದರು. ಯಾರಿಗೆ ತಿಳಿದಿದೆ, ಯಾರಿಗೆ ತಿಳಿದಿಲ್ಲ ಎಂಬುದನ್ನು ಬಿಟ್ಟರೆ ಇಲ್ಲಿ ಮಾಹಿತಿಗೆ ಬೆಲೆಯೇ ಇಲ್ಲ.

ಇನ್ನು ಮಿದುಳು. ಸುಮಾರು 8,600 ಕೋಟಿ ನರಕೋಶಗಳ ಈ ಅಂಗ ಸುಮಾರು 20 ವಾಟ್ ಶಕ್ತಿಯಲ್ಲಿ ಕೆಲಸ ಮಾಡುತ್ತದೆ. ನಮ್ಮ ಸಾಮಾನ್ಯ ಕಂಪ್ಯೂಟರಿನಲ್ಲಿ ಸಂಗ್ರಹದ ಜಾಗ ಬೇರೆ, ಲೆಕ್ಕ ಮಾಡುವ ಜಾಗ ಬೇರೆ. ಮಿದುಳಿನಲ್ಲಿ ಈ ವಿಂಗಡಣೆಯಿಲ್ಲ. ನರಕೋಶಗಳ ನಡುವಿನ ಸಂಪರ್ಕಗಳೇ ಎರಡನ್ನೂ ಮಾಡುತ್ತವೆ, ಮಾಡುತ್ತಲೇ ಬದಲಾಗುತ್ತವೆ. ನೆನಪೆಂದರೆ ಕಪಾಟಿನಿಂದ ಕಡತ ತೆಗೆಯುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು ಎಂಬುದನ್ನು ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ವಿವರಿಸಿದ್ದರು. ನನ್ನ ಮಿದುಳು ಕಟ್ಟಿದ್ದು ನನಗೆ ಹಿತವಾದ ಕತೆಯನ್ನು.

ನಾನು ಸೇವೆಯಲ್ಲಿ ಕಂಡ ಕಂಪ್ಯೂಟರ್ ಹಾಗಿರಲಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದವು. ಬರೆದದ್ದನ್ನು ಯಂತ್ರ ಬರೆದಂತೆಯೇ ಮರಳಿಸಿತು, ತಪ್ಪಿದ್ದರೆ ತಪ್ಪನ್ನೂ ಸಹ. ಆದರೆ ಇಂದಿನ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಒಮ್ಮೊಮ್ಮೆ ಇಲ್ಲದ್ದನ್ನೂ ಇದ್ದಂತೆ, ನಂಬುವಂತೆ ಹೇಳಿಬಿಡುತ್ತವೆ. ಈ ವಿಷಯದಲ್ಲಿ ಯಂತ್ರವೇ ನನ್ನ ಮಿದುಳಿನ ಹತ್ತಿರ ಬಂದಿದೆಯೆನ್ನಬೇಕು. ಹೀಗಿರುವಾಗ ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ ಎಂಬ ಹಳೆಯ ಗೆರೆ ಇನ್ನು ನಿಲ್ಲಲಾರದು. ನನಗೆ ಕಾಣುವ ವ್ಯತ್ಯಾಸ ಹೊಣೆಗಾರಿಕೆಯದು. ತಪ್ಪು ಹೇಳಿದ ಯಂತ್ರವನ್ನು ಸರಿಪಡಿಸಬಹುದು, ಆದರೆ ಆ ತಪ್ಪಿಗಾಗಿ ಅದು ತಲೆ ತಗ್ಗಿಸಬೇಕಾಗಿಲ್ಲ. ದಿನಚರಿಯ ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದರಲ್ಲಿದ್ದ ಪದಗಳು ನಾಲ್ಕೈದು ಮಾತ್ರ.

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮಾಹಿತಿಗೆ ಮತ್ತೊಂದು ವ್ಯಾಖ್ಯೆಯಿದೆ. ದಾಖಲೆ, ಆದೇಶ, ಟಿಪ್ಪಣಿ, ಯಾವುದೇ ರೂಪದ ಸಾಮಗ್ರಿ ಅದರಲ್ಲಿ ಸೇರುತ್ತದೆ. ಸೇವೆಯಲ್ಲಿದ್ದಾಗ ಆ ಕಾಯ್ದೆಯಡಿ ಬಂದ ಅರ್ಜಿಗಳಿಗೆ ಉತ್ತರಿಸಿದವನು ನಾನು. ಈಗ 10 ರೂಪಾಯಿ ಶುಲ್ಕ ಕಟ್ಟಿ, ಆ ಪ್ರಕರಣದ ಅಂತಿಮ ಆದೇಶದ ಪ್ರತಿ ಕೇಳಿದ್ದೇನೆ. ಆಕೆಗೆ ಜಮೀನು ಸಿಕ್ಕಿತೋ ಇಲ್ಲವೋ ಎಂಬುದು ಶಾನನ್ ಲೆಕ್ಕದಲ್ಲಿ ಹೆಚ್ಚೆಂದರೆ ಒಂದು ಬಿಟ್. ಉತ್ತರಕ್ಕಾಗಿ ಕಾಯುತ್ತಿದ್ದೇನೆ.